ಫೋನು, ಗಣಕಯಂತ್ರಗಳಿಗೂ ಬೇಕು ಸಕಾಲಿಕ ರೋಗ ಹತೋಟಿ

ಕಾಫಿ ಮಾರಿದ ಹಣ ಇಂದು ಹೆಚ್ಚಾಗಿ ಬ್ಯಾಂಕಿನ ಖಾತೆಗೇ ಬರುತ್ತದೆ. ಕೂಲಿ ಬಟವಾಡೆ, ಗೊಬ್ಬರದ ಬಾಕಿ, ಮಕ್ಕಳ ಶುಲ್ಕ ಇವೆಲ್ಲ ಫೋನಿನ ಮೂಲಕವೇ ಸಂದಾಯವಾಗುತ್ತವೆ. ಆದುದರಿಂದ ವರ್ಷದ ದುಡಿಮೆಯನ್ನು ಉಳಿಸಿಕೊಳ್ಳಲು ಬೆಳೆಯಂತೆ ಫೋನನ್ನೂ ಕಾಯಬೇಕಾಗಿದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದ ಬೆಳೆಗಾರರು ಈ ಬಗ್ಗೆ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ಕೊಡಲಾಗಿದೆ.

ದೋಷ ತೋರುವ ಬಗೆ

ಎಲೆ ತುಕ್ಕು ರೋಗವನ್ನು ತಡೆಯುತ್ತದೆಂದು ಹೆಸರಾಗಿದ್ದ ಕೆಂಟ್ಸ್ ತಳಿಯೂ ತುಕ್ಕಿನ ಹೊಸ ಪ್ರಭೇದ ಬಂದಾಗ ಸೋತಿತು. ತಂತ್ರಾಂಶವೂ ಹೀಗೆಯೇ. ಕೊಂಡಾಗ ಭದ್ರವೆನಿಸಿದ್ದರಲ್ಲೂ ಮುಂದೆ ಬಿರುಕುಗಳು ಕಾಣುತ್ತವೆ. ತಯಾರಕರು ಅದಕ್ಕೆ ಹಾಕುವ ತೇಪೆಯೇ ‘ಅಪ್‌ಡೇಟ್’. ತೇಪೆ ಹೊರಬಿದ್ದೊಡನೆ ಬಿರುಕು ಎಲ್ಲಿದೆಯೆಂಬುದು ಕಳ್ಳರಿಗೂ ತಿಳಿಯುತ್ತದೆ. ಹೀಗಾಗಿ ತಡಮಾಡಿದಷ್ಟೂ ಅಪಾಯ ಹೆಚ್ಚು.

2017ರ ಮಾರ್ಚ್ ತಿಂಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್‌ನ ಒಂದು ಬಿರುಕಿಗೆ ತೇಪೆ ಒದಗಿಸಿತು. ಮೇ 12ರಂದು ಅದೇ ಬಿರುಕಿನಿಂದ ‘ವಾನ್ನಾಕ್ರೈ’ ಪಿಡುಗು ಹಬ್ಬಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಎರಡು ತಿಂಗಳ ಅವಕಾಶವಿದ್ದರೂ ತೇಪೆ ಹಾಕದ ಯಂತ್ರಗಳು ಅದಕ್ಕೆ ತುತ್ತಾದವು. ಮುಂಗಾರಿಗೆ ಮುನ್ನ ಬೋರ್ಡೋ ದ್ರಾವಣ ಸಿಂಪಡಿಸದೆ, ಎಲೆ ಉದುರಿದ ಮೇಲೆ ಪಂಪು ಹುಡುಕಿದಂತಾಯಿತು.

ನಮ್ಮಲ್ಲಿನ ಬಾಧೆಗಳು

1. ಪಿ.ಎಂ. ಕಿಸಾನ್ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ‘ಎಪಿಕೆ’ ಕಡತ. ಇದನ್ನು ಒತ್ತಿ ಅನುಮತಿ ಕೊಟ್ಟರೆ ಫೋನಿನೊಳಗೆ ಸೇರಿ ಬ್ಯಾಂಕಿನ ಸಂದೇಶ, ಒಟಿಪಿಗಳನ್ನು ಕದಿಯುತ್ತದೆ. ಕಾಂಡಕೊರಕದಂತೆ ಒಳಗೇ ಅಡಗಿರುವುದರಿಂದ ಹೊರಗೆ ಬೇಗ ಕಾಣುವುದಿಲ್ಲ.

2. ಬೆರಳಚ್ಚಿನ ಕಳವು. ನೋಂದಾಯಿತ ಆಸ್ತಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯ ಮೂಲಕ ಹಣ ತೆಗೆದ ಪ್ರಕರಣಗಳು 2023ರಲ್ಲಿ ರಾಜ್ಯದಲ್ಲಿ ಬೆಳಕಿಗೆ ಬಂದವು. ಇದಕ್ಕೆ ಒಟಿಪಿ ಬೇಕಿಲ್ಲ. ಜಮೀನು ಕ್ರಯ ಮಾಡಿದವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಹತೋಟಿ ಕ್ರಮಗಳು

1. ತಿಂಗಳಲ್ಲಿ ಒಂದು ದಿನ ಗೊತ್ತುಮಾಡಿಕೊಂಡು ಅಪ್‌ಡೇಟ್ ಮಾಡಿರಿ. ತೋಟದಲ್ಲಿ ಸಿಗ್ನಲ್ ಸಾಲದಿದ್ದರೆ ಪೇಟೆಗೆ ಹೋದ ದಿನ ಮುಗಿಸಿರಿ. ಸಿಗ್ನಲ್ಲಿನ ನೆಪ ಹೇಳಿ ಈ ಲೇಖಕನೂ ಒಂದು ಇಡೀ ಮಳೆಗಾಲ ಮುಂದೂಡಿದ್ದುಂಟು. ಅದು ಸೋಮಾರಿತನವೇ ಹೊರತು ಬೇರೇನಲ್ಲ.

2. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಹಳೆಯ ಗಣಕಯಂತ್ರ ತೋಟದ ಆಫೀಸಿನಲ್ಲಿದ್ದರೆ ಹೊಸ ಆವೃತ್ತಿಗೆ ಬದಲಿಸಿರಿ. ಆಗದಿದ್ದರೆ ಅದರಲ್ಲಿ ಬ್ಯಾಂಕ್ ವ್ಯವಹಾರ ಬೇಡ.

3. ಲೆಕ್ಕಪತ್ರಗಳ ನಕಲನ್ನು ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ತೆಗೆದು, ಡಿಸ್ಕನ್ನು ಯಂತ್ರದಿಂದ ಬಿಡಿಸಿಡಿರಿ. ಸಿಕ್ಕಿಸಿಯೇ ಇಟ್ಟರೆ ನಕಲಿಗೂ ಬೀಗ ಬೀಳಬಹುದು.

4. ಸಂದೇಶದಲ್ಲಿ ಬಂದ ಯಾವುದೇ ಆ್ಯಪ್ ಹಾಕಿಕೊಳ್ಳಬೇಡಿ, ಕಳಿಸಿದವರು ನೆಂಟರೇ ಆಗಿದ್ದರೂ ಸಹ. ಅವರ ಫೋನೇ ಕಳ್ಳರ ಕೈಯಲ್ಲಿರಬಹುದು.

5. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚಿಗೆ ಲಾಕ್ ಹಾಕಿರಿ. ಬೆರಳಚ್ಚು ಕೊಡಬೇಕಾದ ದಿನ ತೆರೆದು, ಪುನಃ ಹಾಕಬಹುದು.

6. ಹೊಸ ಬಿರುಕುಗಳ ಎಚ್ಚರಿಕೆಯನ್ನು ಕೇಂದ್ರ ಸರ್ಕಾರದ ‘ಸರ್ಟ್-ಇನ್’ ಸಂಸ್ಥೆ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ತೋಟದ ರೈಟರಾಗಲಿ, ಕಾಲೇಜಿಗೆ ಹೋಗುವ ಮಕ್ಕಳಾಗಲಿ ವಾರಕ್ಕೊಮ್ಮೆ ನೋಡಿ, ನಿಮ್ಮಲ್ಲಿರುವ ಫೋನು, ತಂತ್ರಾಂಶಗಳ ಹೆಸರಿದೆಯೇ ಎಂದು ತಿಳಿಸಲಿ.

ಹಣ ಹೋದರೆ

ಒಡನೆಯೇ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿರಿ. ಹಣ ಮುಂದಿನ ಖಾತೆಗಳಿಗೆ ಚದುರುವ ಮೊದಲೇ ತಿಳಿಸಿದರೆ ತಡೆಹಿಡಿಯಲು ಸಾಧ್ಯವಿದೆ. ಮರುದಿನ ನೋಡೋಣವೆಂದರೆ ಕಷ್ಟ. ಮೋಸಹೋದೆನೆಂದು ನಾಚಿ ಮುಚ್ಚಿಡಬೇಡಿ. ಕೊರಕ ಬಿದ್ದ ಗಿಡವನ್ನು ಕಿತ್ತು ಸುಡದೆ ಬಿಟ್ಟರೆ ಬಾಧೆ ಪಕ್ಕದ ತೋಟಕ್ಕೂ ಹೋಗುತ್ತದೆ. ನಿಮಗಾದುದನ್ನು ನೆರೆಯವರಿಗೆ ಹೇಳಿದರೆ ಅವರ ಮನೆಯಾದರೂ ಉಳಿದೀತು.