ವೈದ್ಯಕೀಯ ವಿದ್ಯಾಶಾಲೆಯಲ್ಲಿ ವಿದ್ಯಾರ್ಥಿನಿಯ ಜೀವನವೂ ವೃತ್ತಿಯ ಸಿದ್ಧತೆಯೂ

ಪ್ರತಿ ವರುಷವೂ ಪರೀಕ್ಷಾಫಲಗಳು ಪ್ರಕಟವಾದ ತರುವಾಯ ಕೆಲವು ಮಂದಿ ತಂದೆತಾಯಿಗಳು ತಮ್ಮ ಹೆಣ್ಣುಮಕ್ಕಳನ್ನು ಕರೆದುಕೊಂಡು ನನ್ನ ಕೊಠಡಿಗೆ ಬರುವದುಂಟು. "ಅಮ್ಮನವರೇ, ನಮ್ಮ ಹುಡುಗಿಯನ್ನು ಡಾಕ್ಟರ್ ಓದಿಸಬೇಕೆಂದಿದ್ದೇವೆ. ಎಷ್ಟು ಅಂಕಗಳು ಬೇಕು? ಎಷ್ಟು ಹಣ ಹಿಡಿಯುತ್ತದೆ?" ಎಂದು ವಿಚಾರಿಸುತ್ತಾರೆ. ಈ ಎರಡು ಪ್ರಶ್ನೆಗಳೂ ನ್ಯಾಯವಾದವುಗಳೇ. ಆದರೆ ಆ ವಿದ್ಯಾಶಾಲೆಯೊಳಗೆ ಸೇರಿದ ಮೇಲೆ ಹುಡುಗಿಯು ಬೆಳಗಿನಿಂದ ರಾತ್ರಿಯ ವರೆಗೆ ಏನು ಮಾಡಬೇಕಾಗುವದು, ಅವಳ ಕೈ, ಕಣ್ಣು, ಕಿವಿ, ಮನಸ್ಸುಗಳು ಯಾವ ವಿಧವಾದ ಶಿಕ್ಷಣವನ್ನು ಹೊಂದುವವು ಎಂದು ಕೇಳಿದವರು ಬಹು ಕಡಿಮೆ. ಹುಡುಗಿಯಾದರೋ ತಂದೆಯ ಕುರ್ಚಿಯ ಹಿಂದೆ ಸುಮ್ಮನೆ ನಿಂತಿರುತ್ತಾಳೆ. ಈ ಸ್ಮರಣ ಸಂಚಿಕೆಗಾಗಿ ಒಂದು ಲೇಖನವನ್ನು ಬರೆಯಬೇಕೆಂದು ನನಗೆ ಹೇಳಲ್ಪಟ್ಟಾಗ, ಯಾರೂ ಕೇಳದ ಆ ಪ್ರಶ್ನೆಗೇ ಉತ್ತರ ಕೊಡುವದು ಉಚಿತವೆಂದು ತೋಚಿತು.

ಉದಾಹರಣೆಗಾಗಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜನ್ನು ಆರಿಸಿಕೊಂಡಿದ್ದೇನೆ. ನಮ್ಮ ನಾಡಿನಲ್ಲಿ ಅಂಥ ಕಾಲೇಜುಗಳಿಲ್ಲವೆಂದಲ್ಲ. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೧೯೩೦ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜು ನಮಗೆಲ್ಲರಿಗೂ ಪರಿಚಿತವಾದದ್ದೇ. ಆದರೆ ವೆಲ್ಲೂರಿನ ಶಾಲೆಯು ಹೆಣ್ಣುಮಕ್ಕಳಿಗಾಗಿಯೇ ಹುಟ್ಟಿತು. ಅದು ಹುಟ್ಟಿದ ಕಾರಣವನ್ನು ತಿಳಿದವರಿಗೆ ಈ ವಿದ್ಯೆಯು ಯಾತಕ್ಕಾಗಿ ಇದೆ ಎಂಬುದೂ ತಿಳಿಯುವದು.

ಶಾಲೆಯ ಉಗಮ

ಐಡಾ ಸ್ಕಡರ್ ಎಂಬಾಕೆಯು ೧೮೭೦ರಲ್ಲಿ ರಾಣಿಪೇಟೆಯಲ್ಲಿ ಜನಿಸಿದಳು. ಆಕೆಯ ತಂದೆಯೂ ಅಜ್ಜನೂ ಮಿಶನ್ ವೈದ್ಯರಾಗಿದ್ದರು. ಆದರೂ ಆಕೆಗೆ ವೈದ್ಯಳಾಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಅಮೇರಿಕದಲ್ಲಿ ಓದು ಮುಗಿಸಿ, ಅಸ್ವಸ್ಥಳಾಗಿದ್ದ ತಾಯಿಯನ್ನು ನೋಡಿಕೊಳ್ಳುವದಕ್ಕಾಗಿ ತಿಂಡಿವನಕ್ಕೆ ಬಂದಿದ್ದಾಗ, ಒಂದು ರಾತ್ರಿ ಮೂರು ಮಂದಿ ಪುರುಷರು ಒಬ್ಬರ ಹಿಂದೊಬ್ಬರು ಬಾಗಲಿಗೆ ಬಂದರು. ಒಬ್ಬನು ಬ್ರಾಹ್ಮಣನು, ಒಬ್ಬನು ಮುಸಲ್ಮಾನನು, ಇನ್ನೊಬ್ಬನು ಬೇರೊಂದು ಹಿಂದೂ ಕುಲದವನು. ಮೂವರ ಹೆಂಡಂದಿರೂ ಹೆರಿಗೆಯ ಸಂಕಟದಲ್ಲಿದ್ದರು. ತನ್ನ ತಂದೆಯು ವೈದ್ಯರು, ಅವರು ಬರುವರು ಎಂದು ಐಡಾ ಹೇಳಿದಳು. ಪರಪುರುಷನು ಮುಟ್ಟಕೂಡದೆಂದು ಮೂವರೂ ತಿರಿಗಿ ಹೋದರು. ಬೆಳಗಾಗುವಷ್ಟರಲ್ಲಿ ಆ ಮೂವರು ಸ್ತ್ರೀಯರೂ ತೀರಿಹೋಗಿದ್ದರು. ಆ ರಾತ್ರಿಯೇ ಆಕೆಯ ಜೀವಮಾನದ ದಾರಿಯನ್ನು ನಿಶ್ಚಯಿಸಿತು. ಆಕೆಯು ೧೮೯೯ರಲ್ಲಿ ಅಮೇರಿಕದ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಪದವಿಯನ್ನು ಪಡೆದು, ೧೯೦೦ರಲ್ಲಿ ವೆಲ್ಲೂರಿನಲ್ಲಿ ಒಂದೇ ಮಂಚದ ಚಿಕಿತ್ಸಾಲಯವನ್ನು ತೆರೆದಳು. ೧೯೦೨ರಲ್ಲಿ ಸ್ತ್ರೀಯರ ಆಸ್ಪತ್ರೆಯೂ, ೧೯೦೯ರಲ್ಲಿ ದಾದಿಯರ ತರಬೇತಿಯೂ ಆರಂಭವಾದವು.

ಒಬ್ಬಳೇ ವೈದ್ಯಳು ಎಷ್ಟು ದುಡಿದರೂ ಸಾಲದೆಂದು ಕಂಡು, ಆಕೆಯು ೧೯೧೮ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆಯನ್ನು ಸ್ಥಾಪಿಸಿದಳು. ಮೂರು ಅರ್ಜಿಗಳು ಬಂದರೆ ಹೆಚ್ಚು ಎಂದು ಸರಕಾರದ ವೈದ್ಯಾಧಿಕಾರಿಗಳು ಅಭಿಪ್ರಾಯಪಟ್ಟಿದ್ದರು. ಬಂದ ಅರ್ಜಿಗಳು ೧೫೧. ಮೊದಲ ವರುಷದ ಸರಕಾರೀ ಪರೀಕ್ಷೆಗೆ ಕುಳಿತ ೧೪ ಮಂದಿ ವಿದ್ಯಾರ್ಥಿನಿಯರೂ ತೇರ್ಗಡೆಯಾದರು. ಅಂದಿನದು ನಾಲ್ಕು ವರುಷಗಳ ಲೈಸೆನ್ಷಿಯೇಟ್ ಶಿಕ್ಷಣ. ೧೯೪೨ರಲ್ಲಿ ಎಂ.ಬಿ.ಬಿ.ಎಸ್. ತರಗತಿಯು ಆರಂಭವಾಯಿತು. ೧೯೪೭ರಲ್ಲಿ ಆ ತರಗತಿಗೆ ಗಂಡುಮಕ್ಕಳನ್ನೂ ಸೇರಿಸಿಕೊಂಡರು.

ಪಾಠಕ್ರಮ

ಈಗ ನಮ್ಮ ದೇಶದಲ್ಲೆಲ್ಲಾ ಈ ಪದವಿಗೆ ನಾಲ್ಕೂವರೆ ವರುಷಗಳ ಓದೂ, ಅದರ ಮೇಲೆ ಒಂದು ವರುಷದ ಕಡ್ಡಾಯವಾದ ಆಸ್ಪತ್ರೆಯ ಸೇವೆಯೂ ನೇಮಿಸಲ್ಪಟ್ಟಿವೆ. ಪ್ರವೇಶಕ್ಕೆ ನೀಟ್ ಎಂಬ ಪರೀಕ್ಷೆಯುಂಟು. ೨೦೨೫ರಲ್ಲಿ ಅದರಲ್ಲಿ ೧೮೦ ಪ್ರಶ್ನೆಗಳೂ ೭೨೦ ಅಂಕಗಳೂ ಇದ್ದವು. ಅರ್ಧ ಭಾಗ ಜೀವಶಾಸ್ತ್ರ, ಉಳಿದರ್ಧ ಭೌತ ಮತ್ತು ರಸಾಯನ ಶಾಸ್ತ್ರಗಳು. ಕನ್ನಡದಲ್ಲಿಯೂ ಈ ಪರೀಕ್ಷೆಯನ್ನು ಬರೆಯಲು ಅವಕಾಶವಿತ್ತೆಂಬುದನ್ನು ಪೋಷಕರು ಗಮನಿಸಬೇಕು.

ಮೊದಲ ವರುಷದಲ್ಲಿ ಶರೀರರಚನೆ, ಶರೀರಕ್ರಿಯೆ, ಜೀವರಸಾಯನ ಎಂಬ ಮೂರು ಶಾಸ್ತ್ರಗಳನ್ನು ಕಲಿಸುತ್ತಾರೆ. ಶವಚ್ಛೇದನದ ಕೊಠಡಿಗೆ ಹೊಸದಾಗಿ ಕಾಲಿಡುವವಳಿಗೆ ಫಾರ್ಮಲಿನ್ ದ್ರವದ ವಾಸನೆಯಿಂದ ಕಣ್ಣಲ್ಲಿ ನೀರು ಬರುವದು. ಕೆಲವರು ಮೊದಲನೆಯ ದಿವಸ ಊಟವನ್ನು ಮುಟ್ಟಲಾರರು. ಇದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಹಲಗೆಯ ಮೇಲಿರುವ ಆ ದೇಹವು ಒಬ್ಬ ತಾಯಿಯದೋ ತಂದೆಯದೋ ಆಗಿತ್ತೆಂಬುದನ್ನು ಮರೆಯದೆ, ತಲೆಬಾಗಿ ಗೌರವವನ್ನು ಸಲ್ಲಿಸಿ ಕೆಲಸಕ್ಕೆ ತೊಡಗುವ ಪದ್ಧತಿಯು ಅನೇಕ ಕಾಲೇಜುಗಳಲ್ಲಿ ಉಂಟು. ಮನುಷ್ಯನ ೨೦೬ ಎಲುಬುಗಳನ್ನು ಕೈಯಲ್ಲಿ ಹಿಡಿದು, ಯಾವ ಗೀರಿನಲ್ಲಿ ಯಾವ ನರವು ಹಾದುಹೋಗುವದೆಂದು ಕಣ್ಣು ಮುಚ್ಚಿ ಹೇಳಬಲ್ಲವಳಾಗಬೇಕು. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಗುಲಾಬಿ ಮತ್ತು ನೇರಳೆ ಬಣ್ಣದ ಪೆನ್ಸಿಲುಗಳಿಂದ ಚಿತ್ರಿಸಬೇಕು. ಪುಸ್ತಕದಲ್ಲಿದ್ದುದನ್ನಲ್ಲ, ತಾನು ಕಂಡದ್ದನ್ನೇ ಚಿತ್ರಿಸತಕ್ಕದ್ದೆಂಬುದು ಇಲ್ಲಿಯ ಮೊದಲ ಪಾಠ.

ಎರಡನೆಯ ವರುಷದಲ್ಲಿ ರೋಗಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರಗಳು ಬರುವವು. ಆ ಮೇಲೆ ಸಮುದಾಯ ವೈದ್ಯ, ಕಣ್ಣು, ಕಿವಿ, ಗಂಟಲು, ಶಸ್ತ್ರಚಿಕಿತ್ಸೆ, ಪ್ರಸೂತಿ, ಶಿಶುಚಿಕಿತ್ಸೆ ಮೊದಲಾದವುಗಳು. ಪ್ರತಿಯೊಂದು ಘಟ್ಟದಲ್ಲಿಯೂ ಬರವಣಿಗೆಯ ಪರೀಕ್ಷೆಯಲ್ಲದೆ ಕೈಕೆಲಸದ ಪರೀಕ್ಷೆಯೂ ಬಾಯಿಮಾತಿನ ಪರೀಕ್ಷೆಯೂ ಉಂಟು. ಬಾಯಿಪಾಠದ ಬಲದಿಂದ ಪ್ರವೇಶವನ್ನು ಪಡೆದವರು ಇಲ್ಲಿ ತಡವರಿಸುತ್ತಾರೆ.

ರೋಗಿಯ ಮಂಚದ ಬಳಿಯಲ್ಲಿ

ವಾರ್ಡಿನಲ್ಲಿ ವಿದ್ಯಾರ್ಥಿನಿಯು ಮೊದಲು ಕಲಿಯತಕ್ಕದ್ದು ಕೇಳುವದನ್ನು. ಹೆಸರು, ವಯಸ್ಸು, ಕಸಬು, ಏನು ಬಾಧೆ, ಎಷ್ಟು ದಿನದಿಂದ ಎಂದು ಕ್ರಮವಾಗಿ ವಿಚಾರಿಸಿ, ರೋಗಿಯು ಆಡಿದ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಕನ್ನಡ ನಾಡಿನಿಂದ ವೆಲ್ಲೂರಿಗೆ ಹೋದ ಹುಡುಗಿಯು ಇದಕ್ಕಾಗಿ ತಮಿಳನ್ನು ಕಲಿಯಬೇಕಾಗುವದು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ತನಗೆ ತಮಿಳಿನ ಪಾಠವನ್ನು ಹೇಳಿದ ಮೊದಲ ಗುರುಗಳು ವಾರ್ಡಿನ ಆಯಾಗಳೇ ಎಂದು ನನಗೆ ಬರೆದಿದ್ದಳು. ತಪ್ಪು ಮಾತಾಡಿದಾಗ ರೋಗಿಗಳು ನಕ್ಕರಂತೆ, ನಕ್ಕ ಮೇಲೆ ಮನಸ್ಸು ಬಿಚ್ಚಿ ತಮ್ಮ ಕಷ್ಟವನ್ನು ಹೇಳಿಕೊಂಡರಂತೆ.

ಕೇಳಿದ ಬಳಿಕ ನೋಡುವದು, ಮುಟ್ಟುವದು, ಬೆರಳಿನಿಂದ ತಟ್ಟುವದು, ಕಿವಿಗೊಡುವದು ಎಂಬ ನಾಲ್ಕು ಮೆಟ್ಟಲುಗಳು. ರೋಗಿಯ ಬಲಗಡೆಯಲ್ಲಿ ನಿಲ್ಲಬೇಕು. ಹೊಟ್ಟೆಯನ್ನು ಮುಟ್ಟುವ ಮುಂಚೆ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ಒತ್ತಿ ನೋಡುವಾಗ ತನ್ನ ಕೈಯನ್ನಲ್ಲ, ರೋಗಿಯ ಮುಖವನ್ನು ನೋಡುತ್ತಿರಬೇಕು. ಬಾಯಿ ಹೇಳದ ನೋವನ್ನು ಮುಖವು ಹೇಳುವದು. ಇಂದು ಪ್ರತಿ ವೈದ್ಯರ ಕೊರಳಲ್ಲಿರುವ ಸ್ಟೆತಾಸ್ಕೋಪು ಸಹ ಒಂದು ಮರ್ಯಾದೆಯಿಂದ ಹುಟ್ಟಿದ್ದು. ೧೮೧೬ರಲ್ಲಿ ಲೆನೆಕ್ ಎಂಬ ಫ್ರೆಂಚ್ ವೈದ್ಯನು ಯುವತಿಯೊಬ್ಬಳ ಎದೆಗೆ ಕಿವಿಯನ್ನಿಡಲು ಸಂಕೋಚಪಟ್ಟು, ಕಾಗದವನ್ನು ಸುರುಳಿ ಸುತ್ತಿ ಅದರ ಮೂಲಕ ಹೃದಯದ ಶಬ್ದವನ್ನು ಕೇಳಿದನು.

ಪ್ರಸೂತಿಯ ಕೋಣೆಯ ಸರದಿಯಲ್ಲಿ ವಿದ್ಯಾರ್ಥಿನಿಯು ರಾತ್ರಿಯೆಲ್ಲಾ ತಾಯಿಯ ಹೊಟ್ಟೆಯ ಮೇಲೆ ಕೈಯಿಟ್ಟು, ಹತ್ತು ನಿಮಿಷಗಳಲ್ಲಿ ಎಷ್ಟು ಸಾರಿ ನೋವು ಬಂದಿತು, ಒಂದೊಂದೂ ಎಷ್ಟು ಹೊತ್ತು ನಿಂತಿತು ಎಂದು ಎಣಿಸಿ ಬರೆಯುತ್ತಾಳೆ. ಕೂಸಿನ ಹೃದಯವು ನಿಮಿಷಕ್ಕೆ ೧೧೦ರಿಂದ ೧೬೦ರ ವರೆಗೆ ಬಡಿಯುತ್ತಿದೆಯೋ ಎಂದು ನೋಡುತ್ತಾಳೆ. ಕಡಿಮೆಯಾದರೆ ಆ ಕ್ಷಣವೇ ಹಿರಿಯರನ್ನು ಕರೆಯಬೇಕು. ನಿದ್ದೆಯ ಮಂಪರಿನಲ್ಲಿ ಒಂದು ಸಾರಿ ಎಣಿಸದೆ, ಎಣಿಸಿದೆನೆಂದು ಬರೆದುಬಿಟ್ಟರೆ ಅದರಿಂದ ಒಂದು ಜೀವವು ಹೋಗಬಹುದು. ತಿಂಡಿವನದ ಆ ಮೂವರು ಸ್ತ್ರೀಯರ ಬಳಿಯಲ್ಲಿ ಹೀಗೆ ಕೈಯಿಟ್ಟು ಕುಳಿತುಕೊಳ್ಳುವವರು ಯಾರೂ ಇರಲಿಲ್ಲವೆಂಬುದನ್ನು ನೆನಸಿಕೊಳ್ಳೋಣ.

ವಸತಿಗೃಹವೂ ಹಳ್ಳಿಯೂ

ಕಾಲೇಜಿರುವದು ಪಟ್ಟಣದ ಹೊರಗೆ ಬಾಗಾಯಂ ಎಂಬಲ್ಲಿ. ದೊಡ್ಡ ಆಸ್ಪತ್ರೆಯು ಪಟ್ಟಣದೊಳಗೆ. ಈ ಎರಡರ ನಡುವೆ ಓಡಾಡುವದೇ ವಿದ್ಯಾರ್ಥಿನಿಯರ ದಿನಚರಿಯ ಒಂದು ಭಾಗ. ವಸತಿಗೃಹದಲ್ಲಿ ನಾನಾ ಭಾಷೆಗಳವರು ಒಂದೇ ಮೇಜಿನಲ್ಲಿ ಉಣ್ಣುತ್ತಾರೆ. ಮನೆಯಲ್ಲಿ ಒಬ್ಬಳೇ ಮಗಳಾಗಿ ಬೆಳೆದವಳು ಇಲ್ಲಿ ಬಕೀಟಿಗಾಗಿ ಕಾಯುವದನ್ನೂ, ಪರೀಕ್ಷೆಯ ಹಿಂದಿನ ರಾತ್ರಿ ಜ್ವರ ಬಂದ ಗೆಳತಿಗೆ ಗಂಜಿಯನ್ನು ತಂದುಕೊಡುವದನ್ನೂ ಕಲಿಯುತ್ತಾಳೆ.

ವೈದ್ಯಕೀಯ ಶಿಕ್ಷಣವು ಆಸ್ಪತ್ರೆಯ ಗೋಡೆಗಳೊಳಗೆ ಮುಗಿಯುವದಿಲ್ಲವೆಂಬುದು ಸ್ಕಡರಮ್ಮನವರ ಕಾಲದಿಂದಲೂ ವೆಲ್ಲೂರಿನ ಪದ್ಧತಿ. ಅವರು ರಸ್ತೆಯ ಬದಿಯ ಮರದ ನೆರಳಿನಲ್ಲಿ ನಿಂತು ರೋಗಿಗಳನ್ನು ನೋಡುತ್ತಿದ್ದರು. ಈಗಿನ ವಿದ್ಯಾರ್ಥಿಗಳೂ ಹಳ್ಳಿಗೆ ಹೋಗಿ, ಮನೆಮನೆಗೆ ನಡೆದು, ಕುಡಿಯುವ ನೀರು ಎಲ್ಲಿಯದು, ಕೂಸಿಗೆ ಏನು ಉಣಿಸುತ್ತಾರೆ, ಬಸುರಿಯು ಆಸ್ಪತ್ರೆಗೆ ಏಕೆ ಬರಲಿಲ್ಲ ಎಂದು ವಿಚಾರಿಸುತ್ತಾರೆ. ಔಷಧದ ಚೀಟಿಯನ್ನು ಬರೆಯುವದು ಸುಲಭ, ಅದನ್ನು ಕೊಳ್ಳಲು ಆ ಮನೆಯಲ್ಲಿ ಹಣವುಂಟೋ ಎಂದು ತಿಳಿಯುವದು ಕಷ್ಟ. ಸಭೆಗಳ ಪ್ರಾಯೋಜನೆಯಿಂದ ಅಲ್ಲಿಗೆ ಸೇರಿದವರು ಓದು ಮುಗಿದ ಮೇಲೆ ಎರಡು ವರುಷ ಮಿಶನ್ ಆಸ್ಪತ್ರೆಗಳಲ್ಲಿ ಸೇವೆ ಮಾಡತಕ್ಕದ್ದೆಂಬ ಒಪ್ಪಂದವೂ ಇದೆ.

ನನ್ನದೊಂದು ತಪ್ಪು

ಇಲ್ಲಿ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರುಷಗಳ ಹಿಂದೆ ನಮ್ಮ ಶಾಲೆಗೆಲ್ಲಾ ಮೊದಲಿಗಳಾಗಿದ್ದ ಹುಡುಗಿಯೊಬ್ಬಳನ್ನು ವೈದ್ಯಕೀಯಕ್ಕೆ ಕಳುಹಿಸಬೇಕೆಂದು ನಾನೇ ಆಕೆಯ ತಂದೆಯನ್ನು ಒಡಂಬಡಿಸಿದೆನು. ಅವಳಿಗೆ ಸ್ಥಳವೂ ದೊರಕಿತು. ನಾವು ಪ್ರಾರ್ಥನಾ ಸಭೆಯಲ್ಲಿ ಅವಳ ಹೆಸರನ್ನು ಓದಿ ಸಂತೋಷಪಟ್ಟೆವು. ಮರು ವರುಷ ಅವಳು ಮೊದಲ ಪರೀಕ್ಷೆಯಲ್ಲಿ ನಪಾಸಾದಳು. ನಾಚಿಕೆಯಿಂದ ಮನೆಗೆ ತಿಳಿಸದೆ ಇದ್ದು, ಕಡೆಗೆ ನನಗೆ ಒಂದು ಕಾಗದವನ್ನು ಬರೆದಳು. "ನನಗೆ ಲೆಕ್ಕದಲ್ಲಿ ಮನಸ್ಸು. ಡಾಕ್ಟರಾಗಲು ಇಷ್ಟವುಂಟೋ ಎಂದು ಅಪ್ಪನವರಾಗಲಿ ತಾವಾಗಲಿ ಒಂದು ದಿವಸವೂ ನನ್ನನ್ನು ಕೇಳಲಿಲ್ಲ" ಎಂದಿತ್ತು. ಆ ಕಾಗದವು ಈಗಲೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ದೇವರ ದಯೆಯಿಂದ ಅವಳು ಹಿಂದಿರುಗಿ, ಗಣಿತವನ್ನು ಓದಿ, ಇಂದು ಒಳ್ಳೆಯ ಉಪಾಧ್ಯಾಯಿನಿಯಾಗಿದ್ದಾಳೆ. ಆದರೆ ಅವಳು ಒಬ್ಬಳೇ ಅತ್ತ ಆ ತಿಂಗಳುಗಳನ್ನು ನಾನು ಹಿಂದಕ್ಕೆ ಕೊಡಲಾರೆನು.

ಅದೇ ತರಗತಿಯಲ್ಲಿ ಮಧ್ಯಮ ಅಂಕಗಳ ಇನ್ನೊಬ್ಬಳಿದ್ದಳು. ವಸತಿಗೃಹದಲ್ಲಿ ಚಿಕ್ಕ ಹುಡುಗಿಯರಿಗೆ ಜ್ವರ ಬಂದರೆ ಯಾರೂ ಹೇಳದೆಯೇ ಹಣೆಗೆ ಒದ್ದೆ ಬಟ್ಟೆಯನ್ನಿಟ್ಟು, ಎಷ್ಟು ಹೊತ್ತಿಗೆ ಎಷ್ಟು ಜ್ವರವಿತ್ತೆಂದು ಚೀಟಿಯಲ್ಲಿ ಬರೆದಿಡುತ್ತಿದ್ದಳು. ಅವಳ ವಿಷಯವಾಗಿ ನಾನು ಯೋಚಿಸಲೇ ಇಲ್ಲ. ಅವಳೇ ಎರಡು ಸಾರಿ ಪರೀಕ್ಷೆ ಬರೆದು ಸ್ಥಳವನ್ನು ಪಡೆದು, ಈಗ ವೈದ್ಯಳಾಗಿ ಹಳ್ಳಿಯ ಆಸ್ಪತ್ರೆಯೊಂದರಲ್ಲಿದ್ದಾಳೆ. ಗುರುತು ನನ್ನ ಕಣ್ಣ ಮುಂದೆಯೇ ಇತ್ತು. ನಾನು ಅಂಕಪಟ್ಟಿಯನ್ನು ನೋಡುತ್ತಿದ್ದೆನು.

ಪೋಷಕರಿಗೂ ಹುಡುಗಿಯರಿಗೂ ಕೆಲವು ಮಾತುಗಳು

ಪ್ರಿಯ ಪೋಷಕರೇ, ಮಗಳನ್ನು ಅರ್ಜಿ ಹಾಕಿಸುವ ಮುಂಚೆ ಅವಳೊಂದಿಗೆ ಕುಳಿತು ಮಾತಾಡಿರಿ. ಸಾಧ್ಯವಾದರೆ ಪರಿಚಿತ ವೈದ್ಯರೊಬ್ಬರ ಅಪ್ಪಣೆ ಪಡೆದು, ಒಂದು ದಿವಸ ಆಸ್ಪತ್ರೆಯ ಹೊರರೋಗಿಗಳ ಸಾಲಿನ ಬಳಿಯಲ್ಲಿ ಅವಳನ್ನು ಕುಳ್ಳಿರಿಸಿರಿ. ಅವಳಿಗೆ ಮನಸ್ಸಿದ್ದರೆ, ಹೆಣ್ಣುಮಗಳಿಗೆ ಐದೂವರೆ ವರುಷ ಏಕೆ, ಮದುವೆ ತಡವಾಗುವದು ಎಂದು ತಡೆಯಬೇಡಿರಿ. ಮನಸ್ಸಿಲ್ಲದಿದ್ದರೆ ನಿಮ್ಮ ಮನೆತನದ ಗೌರವಕ್ಕಾಗಿ ತಳ್ಳಬೇಡಿರಿ. ಸ್ಥಳವು ದೊರಕದೆ ಹೋದವಳನ್ನು ಸೋತವಳೆಂದು ಕರೆಯಬೇಡಿರಿ. ರೋಗಿಯ ಸೇವೆಗೆ ದಾದಿಯ ವಿದ್ಯೆ, ಪ್ರಯೋಗಶಾಲೆಯ ವಿದ್ಯೆ, ಔಷಧ ತಯಾರಿಕೆಯ ವಿದ್ಯೆ, ಅಂಗಸಾಧನೆಯ ಚಿಕಿತ್ಸೆ ಎಂಬ ಅನೇಕ ಬಾಗಲುಗಳುಂಟು. ವೆಲ್ಲೂರಿನಲ್ಲಿಯೇ ದಾದಿಯರ ಶಿಕ್ಷಣವು ವೈದ್ಯರ ಶಿಕ್ಷಣಕ್ಕಿಂತ ಒಂಭತ್ತು ವರುಷ ಮುಂಚೆ ಆರಂಭವಾಯಿತೆಂಬುದನ್ನು ಮರೆಯಬಾರದು. ೧೯೪೬ರಿಂದ ಅಲ್ಲಿ ಆ ವಿದ್ಯೆಗೆ ಪದವಿಯ ತರಗತಿಯೂ ಇದೆ.

ಹುಡುಗಿಯರೇ, ನೀವು ಇಂದಿನಿಂದಲೇ ಸಿದ್ಧತೆಯನ್ನು ಆರಂಭಿಸಬಹುದು. ಪ್ರಯೋಗದ ಪುಸ್ತಕದಲ್ಲಿ ಕಂಡದ್ದನ್ನೇ ಬರೆಯಿರಿ; ಉತ್ತರವು ಸರಿಬರಲಿಲ್ಲವೆಂದು ಅಂಕೆಯನ್ನು ತಿದ್ದಬೇಡಿರಿ. ತಿಳಿಯದಿದ್ದಾಗ ತಿಳಿಯದೆಂದು ಹೇಳಿರಿ. ಮನೆಯಲ್ಲಿ ಅಜ್ಜಿಯು ಮೊಣಕಾಲು ನೋವೆಂದಾಗ ಅರ್ಧದಲ್ಲಿ ಎದ್ದುಹೋಗದೆ ಪೂರ್ತಿಯಾಗಿ ಕೇಳಿರಿ. ವೈದ್ಯಕೀಯ ಕಾಲೇಜು ಕಲಿಸುವದು ಈ ಮೂರನ್ನೇ. ಅಲ್ಲಿ ಅದನ್ನು ಹೆಚ್ಚು ಕಠಿಣವಾಗಿ ಕಲಿಸುತ್ತಾರೆ.

ಮುಂದಿನ ವರುಷ ಪರೀಕ್ಷಾಫಲಗಳು ಬಂದ ಮೇಲೆ ನೀವು ನನ್ನ ಕೊಠಡಿಗೆ ಬರುವಾಗ ಒಂದು ಬದಲಾವಣೆಯನ್ನು ಕಾಣುವಿರಿ. ತಂದೆತಾಯಿಗಳ ಕುರ್ಚಿಗಳ ಪಕ್ಕದಲ್ಲಿ ಹುಡುಗಿಗೂ ಒಂದು ಕುರ್ಚಿಯನ್ನು ಹಾಕಿಸಿದ್ದೇನೆ. ನನ್ನ ಮೊದಲ ಪ್ರಶ್ನೆಯು ಅವಳಿಗೇ.