ದಾಳ ಪರೀಕ್ಷಿಸುವವರು ಯಾರು? - ನ್ಯೂಜೆರ್ಸಿಯ ಜೂಜು ನಿಯಂತ್ರಣ: ಒಂದು ಪರಿಚಯ



ಹಸ್ತಿನಾಪುರದ ಸಭೆಯಲ್ಲಿ ಭೀಷ್ಮ, ದ್ರೋಣ, ವಿದುರ ಎಲ್ಲರೂ ಇದ್ದರು. ಇಲ್ಲದಿದ್ದದ್ದು ಶಕುನಿಯ ದಾಳವನ್ನು ಆಟಕ್ಕೆ ಮೊದಲು ಪರೀಕ್ಷಿಸುವ ಅಧಿಕಾರಿ! ನ್ಯೂಜೆರ್ಸಿಯಲ್ಲಿ ಅಂಥ ಅಧಿಕಾರಿಗಳಿದ್ದಾರೆ. ಊರಿನಿಂದ ಬಂದ ಅಪ್ಪ-ಅಮ್ಮನಿಗೆ ಅಟ್ಲಾಂಟಿಕ್ ಸಿಟಿ ತೋರಿಸುವ ನಮಗೆ, ಅಲ್ಲಿನ ಕ್ಯಾಸಿನೋಗಳನ್ನು ಕಾಯುವವರು ಯಾರು, ವರ್ಷಾಂತ್ಯದ ಅವರ ಲೆಕ್ಕವನ್ನು ಓದುವುದು ಹೇಗೆ ಎಂಬುದೂ ಗೊತ್ತಿದ್ದರೆ ಒಳ್ಳೆಯದು.

ಇಬ್ಬರು ಕಾವಲುಗಾರರು

1976ರ ನವೆಂಬರ್‌ನಲ್ಲಿ ರಾಜ್ಯದ ಮತದಾರರು ಅಟ್ಲಾಂಟಿಕ್ ಸಿಟಿಗೆ ಮಾತ್ರ ಕ್ಯಾಸಿನೋ ಒಪ್ಪಿದರು. 1977ರಲ್ಲಿ ಕ್ಯಾಸಿನೋ ಕಂಟ್ರೋಲ್ ಕಾಯಿದೆ ಬಂತು. 1978ರ ಮೇ ತಿಂಗಳಲ್ಲಿ ಮೊದಲ ಕ್ಯಾಸಿನೋ 'ರೆಸಾರ್ಟ್ಸ್' ತೆರೆಯಿತು. ಮಾಫಿಯಾ ಒಳನುಗ್ಗೀತು ಎಂಬುದು ಅಂದಿನ ದೊಡ್ಡ ಭಯ. ಹಾಗಾಗಿ ಕಾಯಿದೆ ಎರಡು ಸಂಸ್ಥೆಗಳನ್ನು ಹುಟ್ಟುಹಾಕಿತು. ತನಿಖೆ ಮಾಡಲು ಅಟಾರ್ನಿ ಜನರಲ್ ಕೈಕೆಳಗಿನ 'ಡಿವಿಷನ್ ಆಫ್ ಗೇಮಿಂಗ್ ಎನ್‌ಫೋರ್ಸ್‌ಮೆಂಟ್'. ಲೈಸೆನ್ಸ್ ಕೊಡಲು ಸ್ವತಂತ್ರವಾದ 'ಕ್ಯಾಸಿನೋ ಕಂಟ್ರೋಲ್ ಕಮಿಷನ್'. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಕೋಡ್ ಬರೆದವನೇ ಅದನ್ನು ಟೆಸ್ಟ್ ಮಾಡಿ ಪಾಸ್ ಮಾಡಬಾರದು. ಇವರ ಖರ್ಚು ಕ್ಯಾಸಿನೋಗಳು ಕಟ್ಟುವ ಶುಲ್ಕದಿಂದಲೇ ಬರುತ್ತದೆ.

ಬೇಲಿಯೇ ಹೊಲ ಮೇಯಲು ಹೊರಟದ್ದೂ ಉಂಟು. 1980ರಲ್ಲಿ ಎಫ್.ಬಿ.ಐ.ಯ 'ಅಬ್‌ಸ್ಕ್ಯಾಮ್' ಲಂಚ ಪ್ರಕರಣದಲ್ಲಿ ಹೆಸರು ಕೇಳಿಬಂದು ಕಮಿಷನ್ನಿನ ಉಪಾಧ್ಯಕ್ಷರೇ ರಾಜೀನಾಮೆ ಕೊಟ್ಟರು. ಆಮೇಲೆ ಕಮಿಷನ್ನನ್ನು ಹೊಸದಾಗಿ ರಚಿಸಲಾಯಿತು. ಹಲ್ಲಿರುವ ಕಾವಲುಗಾರನನ್ನೂ ಜನ ನೋಡಿದರು: 2007ರ ಡಿಸೆಂಬರ್‌ನಲ್ಲಿ ಟ್ರಾಪಿಕಾನಾ ಕ್ಯಾಸಿನೋದ ಲೈಸೆನ್ಸ್ ನವೀಕರಣವನ್ನು ಕಮಿಷನ್ ನಿರಾಕರಿಸಿತು. ಸ್ವತಂತ್ರ ಆಡಿಟ್ ಸಮಿತಿಯ ನಿಯಮ ಪಾಲಿಸದ್ದು ಮುಖ್ಯ ಕಾರಣಗಳಲ್ಲೊಂದು. ಕೊನೆಗೆ ಆ ಕ್ಯಾಸಿನೋ ಬೇರೆ ಮಾಲೀಕರ ಕೈ ಸೇರಿತು.

2011ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕಾಲದ ತಿದ್ದುಪಡಿ ಹೆಚ್ಚಿನ ಕೆಲಸವನ್ನು ಡಿವಿಷನ್ನಿಗೆ ವರ್ಗಾಯಿಸಿತು. ಕಮಿಷನ್ ಸದಸ್ಯರ ಸಂಖ್ಯೆ 5ರಿಂದ 3ಕ್ಕೆ ಇಳಿಯಿತು. ಕ್ಯಾಸಿನೋ ಮತ್ತು ಅದರ ಪ್ರಮುಖ ಅಧಿಕಾರಿಗಳ ಲೈಸೆನ್ಸ್, ಮೇಲ್ಮನವಿಗಳು ಕಮಿಷನ್ ಬಳಿ ಉಳಿದವು. ಖರ್ಚು, ವಿಳಂಬ ತಗ್ಗಲಿ ಎಂಬುದು ಉದ್ದೇಶ. ಆದರೆ ಎರಡನೆಯ ಕಣ್ಣು ಸ್ವಲ್ಪ ಮಂಜಾಯಿತೇ ಎಂಬ ಪ್ರಶ್ನೆ ಕೇಳುವುದು ನಾಗರಿಕರ ಹಕ್ಕು.

ಲೆಕ್ಕ ಓದುವ ಬಗೆ

ವಾರ್ಷಿಕ ಅಂಕಿಅಂಶಗಳಲ್ಲಿ ಎದ್ದು ಕಾಣುವುದು 'ಗ್ರಾಸ್ ಗೇಮಿಂಗ್ ರೆವೆನ್ಯೂ'. ಅಂದರೆ ಆಡಿದವರು ಕಟ್ಟಿದ ಹಣದಲ್ಲಿ ಗೆದ್ದವರಿಗೆ ಕೊಟ್ಟು ಉಳಿದದ್ದು. 2024ರಲ್ಲಿ ಆನ್‌ಲೈನ್ ಆಟ, ಕ್ರೀಡಾ ಬೆಟ್ಟಿಂಗ್ ಸೇರಿ ಇದು ಸುಮಾರು 630 ಕೋಟಿ ಡಾಲರ್. ಪತ್ರಿಕೆಗಳು ಇದನ್ನು 'ದಾಖಲೆಯ ಗಳಿಕೆ' ಎಂದವು. ಇದೇ ಅಂಕಿಯನ್ನು ತಿರುಗಿಸಿ ಓದಿ: ಸ್ಥೂಲವಾಗಿ ಅಷ್ಟು ಹಣವನ್ನು ಆಡಿದವರು ಕಳೆದುಕೊಂಡರು! ಕ್ಯಾಸಿನೋ ಗಳಿಕೆಯ 8% ತೆರಿಗೆ ಹಿರಿಯರ ಮತ್ತು ಅಂಗವಿಕಲರ ಯೋಜನೆಗಳಿಗೆ ಹೋಗುವುದೂ ನಿಜ. ಇಬ್ಬಗೆಯ ಸತ್ಯವೂ ನೆನಪಿರಲಿ.

ಇನ್ನೊಂದು ಸಣ್ಣ ಗಣಿತ. ಸ್ಲಾಟ್ ಯಂತ್ರದ ಸಾಫ್ಟ್‌ವೇರನ್ನು ಡಿವಿಷನ್ನಿನ ಪ್ರಯೋಗಾಲಯ ಪರೀಕ್ಷಿಸುತ್ತದೆ. ನಿಯಮದಂತೆ ಯಂತ್ರ ಸರಾಸರಿ ಕನಿಷ್ಠ 83% ಹಿಂತಿರುಗಿಸಬೇಕು. ಅಷ್ಟೇ ಕೊಡುವ ಯಂತ್ರಕ್ಕೆ 100 ಡಾಲರ್ ಹಾಕಿ, ಬಂದದ್ದನ್ನು ಮತ್ತೆ ಮತ್ತೆ ಹಾಕಿದರೆ ಸರಾಸರಿ ಉಳಿಯುವುದು 83, 69, 57, 47. ನಾಲ್ಕೇ ಸುತ್ತಿಗೆ ಅರ್ಧಕ್ಕಿಂತ ಕಡಿಮೆ. ಬಹಳ ಯಂತ್ರಗಳು ಇದಕ್ಕಿಂತ ಹೆಚ್ಚು ಕೊಡುತ್ತವೆ. ಆದರೂ ದಿಕ್ಕು ಒಂದೇ. ಆಟ ಮೋಸದ್ದಲ್ಲ ಎಂದು ಸರ್ಕಾರ ಖಾತರಿ ಕೊಡುತ್ತದೆ, ನೀವು ಗೆಲ್ಲುತ್ತೀರಿ ಎಂದಲ್ಲ.

ಮನೆಯವರು ತಿಳಿದಿರಬೇಕಾದದ್ದು

2013ರ ನವೆಂಬರ್‌ನಿಂದ ಆನ್‌ಲೈನ್ ಕ್ಯಾಸಿನೋ, 2018ರ ಜೂನ್‌ನಿಂದ ಕ್ರೀಡಾ ಬೆಟ್ಟಿಂಗ್ ಇಲ್ಲಿ ಕಾನೂನುಬದ್ಧ. ಕ್ಯಾಸಿನೋ ಈಗ ಅಟ್ಲಾಂಟಿಕ್ ಸಿಟಿಯಲ್ಲಷ್ಟೇ ಅಲ್ಲ, ಜೇಬಿನ ಫೋನಿನಲ್ಲೂ ಇದೆ. ಕಾಲೇಜಿಗೆ ಹೋಗುವ ಮಕ್ಕಳಿರುವವರು ಗಮನಿಸಬೇಕು:

1. ಆಡಲು ಕನಿಷ್ಠ ವಯಸ್ಸು 21. ನಿಮ್ಮ ಖಾತೆಯಲ್ಲಿ ಬೇರೆಯವರು ಆಡುವುದು ನಿಯಮಬಾಹಿರ.

2. ಚಟ ಹತ್ತಿದವರು ತಮ್ಮ ಹೆಸರನ್ನು ಡಿವಿಷನ್ನಿನ ಸ್ವಯಂ-ನಿಷೇಧ ಪಟ್ಟಿಗೆ ತಾವೇ ಸೇರಿಸಬಹುದು. ಕನಿಷ್ಠ ಅವಧಿ ಒಂದು ವರ್ಷ.

3. ಸಹಾಯವಾಣಿ: 1-800-426-2537.

ನಮ್ಮವರಲ್ಲಿ 'ನಾಲ್ಕು ಜನ ಏನಂದಾರು' ಎಂಬ ಸಂಕೋಚ ಜಾಸ್ತಿ. ಸಾಲ ಮನೆ ಬಾಗಿಲಿಗೆ ಬರುವ ತನಕ ಬಾಯಿ ಬಿಡುವುದಿಲ್ಲ. ದಾಳವನ್ನು ಪರೀಕ್ಷಿಸಲು ಸರ್ಕಾರವಿದೆ. ಆದರೆ ಆಡುವವನ ಮುಖ ನೋಡಿ 'ಸಾಕು, ಏಳು' ಎನ್ನುವ ಕೆಲಸ ಯಾವ ಕಮಿಷನ್ನಿನದೂ ಅಲ್ಲ, ಮನೆಯವರದು. ಈ ವಾರಾಂತ್ಯ ಊಟದ ಹೊತ್ತಿಗೆ ಮಕ್ಕಳೊಡನೆ ಮೇಲಿನ 100 ಡಾಲರ್ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ.