ಮನೆಯಲ್ಲಿ ಹೆರಿಗೆ: ಗಂಡಸರೂ ಓದಬೇಕಾದ ಪಾಠ

ಸಂಜೆ ನಮ್ಮ ವಾಚನಾಲಯಕ್ಕೆ ಬಂದು ಪತ್ರಿಕೆ ತಿರುವಿ ಹಾಕುವವರಲ್ಲಿ ಹೆಚ್ಚಿನವರು ಗಂಡಸರು. ಹೆರಿಗೆಯ ಮಾತು ಹೆಂಗಸರಿಗೆ ಸೇರಿದ್ದೆಂದು ಈ ಪುಟವನ್ನು ಮಗುಚಿಬಿಡುವವರೂ ಇರಬಹುದು. ಊರಿನಲ್ಲಾದರೆ ಅದು ನಡೆಯುತ್ತಿತ್ತು. ಅಲ್ಲಿ ತಾಯಿ, ಅತ್ತೆ, ಚಿಕ್ಕಮ್ಮ, ನೆರೆಮನೆಯ ಅಜ್ಜಿ ಎಲ್ಲರೂ ಇದ್ದರು. ದಿವಾದ ಚಾಳಿನ ಒಂದು ಖೋಲಿಯಲ್ಲಿ ಗಂಡ, ಹೆಂಡತಿ, ಒಂದು ಚಿಕ್ಕ ಮಗು, ಇಷ್ಟೇ ಸಂಸಾರ. ರಾತ್ರಿ ಎರಡು ಗಂಟೆಗೆ ನೋವು ಕಾಣಿಸಿಕೊಂಡರೆ ಹೊರಡುವ ತೀರ್ಮಾನ ಗಂಡನ ಮೇಲೆಯೇ ಬೀಳುತ್ತದೆ. ಆದುದರಿಂದ ಈ ಪಾಠವನ್ನು ಗಂಡಸರನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇವೆ. ಓದಿದವರು ಮನೆಯಲ್ಲಿಯೂ ಓದಿ ಹೇಳಬೇಕೆಂದು ವಿನಂತಿ.

ಸೂಲಗಿತ್ತಿಯ ಕಾಲ

ನಮ್ಮಲ್ಲಿ ಹಿರಿಯರಾದವರು ಬಹುಪಾಲು ಮನೆಯಲ್ಲಿಯೇ ಹುಟ್ಟಿದವರು. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೂ ಭಾರತದಲ್ಲಿ ನೂರಕ್ಕೆ 26 ಹೆರಿಗೆಗಳು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. ಉಳಿದುವು ಬಹುಮಟ್ಟಿಗೆ ಮನೆಯ ನಡುಮನೆಯಲ್ಲಿ, ಎಷ್ಟೋ ಸೂಲಗಿತ್ತಿಯ ಕೈಯಲ್ಲಿ ಆದುವು.

ಆ ಕೈಗಳ ಯೋಗ್ಯತೆಯನ್ನು ಹಗುರವಾಗಿ ಎಣಿಸಕೂಡದು. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಸುಮಾರು 70 ವರ್ಷಗಳ ಕಾಲ, ಒಂದು ಕಾಸನ್ನೂ ಕೇಳದೆ, 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. ಆ ವಿದ್ಯೆ ಅವರಿಗೆ ಬಂದದ್ದು ಅಜ್ಜಿಯಿಂದ. ತುಮಕೂರು ವಿಶ್ವವಿದ್ಯಾಲಯವು 2014ರಲ್ಲಿ ಗೌರವ ಡಾಕ್ಟರೇಟನ್ನೂ ಭಾರತ ಸರಕಾರವು 2018ರಲ್ಲಿ ಪದ್ಮಶ್ರೀಯನ್ನೂ ಕೊಟ್ಟು ಅವರನ್ನು ಗೌರವಿಸಿದುವು. ಅದೇ ವರ್ಷ ಡಿಸೆಂಬರ್ 25ರಂದು, ತಮ್ಮ 98ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅಂಥ ಸೂಲಗಿತ್ತಿ ಬಸುರಿಯನ್ನು ತಿಂಗಳುಗಟ್ಟಲೆ ಮೊದಲೇ ಬಲ್ಲವಳಾಗಿರುತ್ತಿದ್ದಳು. ಹೊಟ್ಟೆಯ ಮೇಲೆ ಕೈಯಿಟ್ಟು ಮಗು ಹೇಗೆ ತಿರುಗಿದೆಯೆಂದು ಅಂದಾಜು ಮಾಡುತ್ತಿದ್ದಳು, ನೋವಿನ ಹೊತ್ತಿನಲ್ಲಿ ಬಿಟ್ಟು ಕದಲುತ್ತಿರಲಿಲ್ಲ. ನೀರು ಕಾಯಿಸಲು ಒಬ್ಬರು, ಬೆನ್ನು ನೀವಲು ಒಬ್ಬರು, ಹಿರಿಯ ಮಗುವನ್ನು ಎತ್ತಿಕೊಳ್ಳಲು ಒಬ್ಬರು, ಹೀಗೆ ಹತ್ತು ಕೈಗಳು ಸೇರಿ ಒಂದು ಹೆರಿಗೆ ಆಗುತ್ತಿತ್ತು. ಮನೆಯ ಹೆರಿಗೆ ಎಂದರೆ ನಾಲ್ಕು ಗೋಡೆಗಳ ಹೆಸರಲ್ಲ, ಈ ಜನಗಳ ಹೆಸರು. ದಿವಾಕ್ಕೆ ಬರುವಾಗ ನಾವು ಅವರನ್ನು ಊರಿನಲ್ಲಿಯೇ ಬಿಟ್ಟು ಬಂದೆವು. ಇಲ್ಲಿ ಖೋಲಿಯೊಳಗೆ ಹೆರಿಗೆ ಆಯಿತೆಂದರೆ ಅದು ಸಾಮಾನ್ಯವಾಗಿ ಆಸ್ಪತ್ರೆಗೆ ಹೋಗಲು ತಡವಾದುದರ ಫಲ.

ಎಷ್ಟೇ ನುರಿತ ಕೈಯಿದ್ದರೂ ಮನೆಯಲ್ಲಿ ಒದಗದ ವಸ್ತುಗಳಿವೆ: ಬಾಟಲಿಯ ರಕ್ತ, ಗರ್ಭಕೋಶವನ್ನು ಬಿಗಿಮಾಡುವ ಔಷಧ, ಶಸ್ತ್ರಕ್ರಿಯೆ. ಹೆರಿಗೆಯಲ್ಲಿ ತಾಯಂದಿರ ಸಾವಿಗೆ ಮೊದಲ ಕಾರಣ ಅತಿಯಾದ ರಕ್ತಸ್ರಾವ. ಹೆತ್ತ ಮೇಲೆ ಸ್ರಾವ ನಿಲ್ಲದಿದ್ದರೆ, ಅಲ್ಲಿಯವರೆಗೆ ಆರೋಗ್ಯವಾಗಿದ್ದ ಹೆಂಗಸು ಕೂಡ ಎರಡು ಗಂಟೆಗಳೊಳಗೆ ಕೈತಪ್ಪಿ ಹೋಗಬಹುದು. ಯಾರಿಗೆ ಹಾಗಾಗುತ್ತದೆಂದು ಮುಂಚಿತವಾಗಿ ಹೇಳಲು ವೈದ್ಯರಿಗೂ ಆಗದು. ಆದುದರಿಂದಲೇ ಎಲ್ಲರೂ ಆಸ್ಪತ್ರೆಗೆ ಹೋಗತಕ್ಕದ್ದೆಂದು ಹೇಳುವುದು. 2019-21ರ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿ ನೂರಕ್ಕೆ 94.7, ಕರ್ನಾಟಕದಲ್ಲಿ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆದುವು. ಆದರೂ 2018-20ರ ಲೆಕ್ಕದಲ್ಲಿ, ಒಂದು ಲಕ್ಷ ಮಕ್ಕಳು ಜೀವಂತ ಹುಟ್ಟುವಾಗ ಮಹಾರಾಷ್ಟ್ರದಲ್ಲಿ 33, ಕರ್ನಾಟಕದಲ್ಲಿ 69 ತಾಯಂದಿರು ಸತ್ತರು. ಆಸ್ಪತ್ರೆ ಇದ್ದರೆ ಸಾಲದು, ಹೊತ್ತಿಗೆ ಸರಿಯಾಗಿ ಅಲ್ಲಿಗೆ ಮುಟ್ಟಬೇಕು.

ಮೂರು ತಡಗಳು

1994ರಲ್ಲಿ ಥ್ಯಾಡಿಯಸ್ ಮತ್ತು ಮೇನ್ ಎಂಬ ಇಬ್ಬರು ವಿದುಷಿಯರು ಇಂಥ ಸಾವುಗಳ ಹಿಂದಿರುವ ವಿಳಂಬವನ್ನು ಮೂರಾಗಿ ವಿಂಗಡಿಸಿ ತೋರಿಸಿದರು: ಹೊರಡಲು ತೀರ್ಮಾನಿಸುವಲ್ಲಿ ತಡ, ಮುಟ್ಟುವಲ್ಲಿ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ. ಇದನ್ನು ನಮ್ಮ ದಿವಾಕ್ಕೆ ಅನ್ವಯಿಸಿ ನೋಡೋಣ.

ಮೊದಲನೆಯದು ತೀರ್ಮಾನದ ತಡ. ನೋವು ಬಂದಾಗ ಊರಿಗೆ ಫೋನು ಮಾಡಿ ಅಮ್ಮನನ್ನು ಕೇಳುವುದು, ಅವರು "ಇನ್ನೂ ಹೊತ್ತಿದೆ, ಜೀರಿಗೆ ಕಷಾಯ ಕೊಡು" ಎನ್ನುವುದು, ಬೆಳಕು ಹರಿಯಲೆಂದು ಕಾಯುವುದು. ಅಮ್ಮನ ಅನುಭವ ದೊಡ್ಡದೇ. ಆದರೆ ನಾನೂರು ಮೈಲು ದೂರದಿಂದ ಅವರಿಗೆ ಸೊಸೆಯ ಮುಖ ಕಾಣಿಸದು. ಹೊಟ್ಟೆ ಕಲ್ಲಿನಂತೆ ಬಿಗಿಯುವ ನೋವು ಕ್ರಮವಾಗಿ ಮತ್ತೆ ಮತ್ತೆ ಬರತೊಡಗಿದರೆ ಹೊರಡಬೇಕು. ಎರಡನೆಯ, ಮೂರನೆಯ ಹೆರಿಗೆಯಾದರೆ ಬಹು ಬೇಗ ಆಗುವ ಸಂಭವವಿದೆ. ಇನ್ನು ಕೆಲವು ಲಕ್ಷಣಗಳಿಗೆ ನೋವನ್ನೂ ಕಾಯಕೂಡದು: ರಕ್ತ ಕಾಣಿಸುವುದು, ನೀರು ಒಡೆದು ಹೋಗುವುದು, ತಡೆಯಲಾರದ ತಲೆನೋವಿನೊಡನೆ ಕಣ್ಣು ಮಂಜಾಗುವುದು, ಮುಖ ಮತ್ತು ಕೈಗಳ ಬಾವು, ಸೆಳವು, ಜ್ವರ, ಮಗುವಿನ ಅಲುಗಾಟ ಕಡಿಮೆಯಾಗುವುದು.

ಎರಡನೆಯದು ದಾರಿಯ ತಡ. ಠಾಣೆ ಮಹಾನಗರಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ ಇರುವುದು ಕಳವಾದಲ್ಲಿ. ಲೋಕಲಿನಲ್ಲಿ ಅದು ಮುಂಬ್ರಾ ದಾಟಿದರೆ ಬರುವ ಠಾಣ್ಯ. ಕಲ್ಯಾಣ-ಡೊಂಬಿವಲಿ ಪಾಲಿಕೆಯ ಶಾಸ್ತ್ರಿನಗರ ಆಸ್ಪತ್ರೆ ಡೊಂಬಿವಲಿ ಪಶ್ಚಿಮದಲ್ಲಿದೆ. ಹಗಲು ಹೊತ್ತಿನಲ್ಲಿ ಇವೆರಡೂ ಹತ್ತಿರವೆನ್ನಿಸುತ್ತವೆ. ಆದರೆ ನಡುರಾತ್ರಿ ಕಳೆದ ಮೇಲೆ ಬೆಳಗಿನ ಜಾವದವರೆಗೆ ಲೋಕಲ್ ಗಾಡಿಗಳಿಲ್ಲ. ಬೆಳಗಾದ ಮೇಲೆ ದಿವಾದಲ್ಲಿ ಗಾಡಿ ಹತ್ತುವುದು ಗಟ್ಟಿ ಆಳಿಗೇ ಕಷ್ಟ, ತುಂಬು ಬಸುರಿಯ ಮಾತು ಬೇರೆ ಹೇಳಬೇಕಾಗಿಲ್ಲ. ಚಾಳಿನ ಸಂದಿಗೆ ವಾಹನ ಬರಲಾರದೆ ಇರಬಹುದು, ಹಳಿಯ ಆ ಬದಿಯಿಂದ ಈ ಬದಿಗೆ ಬರಬೇಕಾಗಬಹುದು. 2014ರಲ್ಲಿ ಮಹಾರಾಷ್ಟ್ರದಲ್ಲಿ ಆರಂಭವಾದ 108 ಸಂಖ್ಯೆಯ ಆಂಬುಲೆನ್ಸಿಗೆ ಕರೆ ಮಾಡಲು ಹಣ ಬೇಕಿಲ್ಲ. ಗರ್ಭಿಣಿಯರಿಗೂ ಹಸುಗೂಸುಗಳಿಗೂ 102 ಸಂಖ್ಯೆಯೂ ಇದೆ. ಇವುಗಳ ಜೊತೆಗೆ ಪರಿಚಯದ ಇಬ್ಬರು ರಿಕ್ಷಾದವರ ನಂಬರನ್ನು ಗೋಡೆಯ ಮೇಲೆ ಬರೆದಿಡಬೇಕು. ವಾಹನ ಬಂದು ನಿಲ್ಲುವ ಜಾಗದ ಹೆಸರು, ಹತ್ತಿರದ ಗುರುತು, ಎರಡನ್ನೂ ಮರಾಠಿಯಲ್ಲಿ ಹೇಳಲು ಕಲಿತಿರಬೇಕು.

ಮೂರನೆಯದು ಬಾಗಿಲಿನ ತಡ. ಮೊದಲು ಹೆಸರು ನೋಂದಾಯಿಸದೆ, ಒಂದು ಚೀಟಿಯೂ ಇಲ್ಲದೆ ಹೋದರೆ, ರಕ್ತದ ಗುಂಪಿನಿಂದ ಹಿಡಿದು ಎಲ್ಲವನ್ನೂ ವೈದ್ಯರು ಆ ಗಳಿಗೆಯಲ್ಲಿ ಹುಡುಕಬೇಕಾಗುತ್ತದೆ. ಬಸುರಿ ನಿಂತ ಮೂರು ತಿಂಗಳೊಳಗೆ ಪಾಲಿಕೆಯ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ, ತಾಯಿ ಕಾರ್ಡು ಪಡೆಯಬೇಕು. ಚೊಚ್ಚಲಿಗೆ ತವರಿಗೆ ಕಳಿಸುವ ನಮ್ಮ ಪದ್ಧತಿ ಒಳ್ಳೆಯದೇ. ಆಗ ಸೀರೆಯ ಮಡಿಕೆಗಿಂತ ಮೊದಲು ಆ ಕಾರ್ಡನ್ನು ಪೆಟ್ಟಿಗೆಯಲ್ಲಿಡಿರಿ. ಹುಬ್ಬಳ್ಳಿಯಲ್ಲಾಗಲಿ ಉಡುಪಿಯಲ್ಲಾಗಲಿ ನೋಡುವ ವೈದ್ಯರಿಗೆ ಹಿಂದಿನದೆಲ್ಲ ಅದರಿಂದ ತಿಳಿಯುತ್ತದೆ.

ಭಾಷೆ ಬಾರದ ನಮ್ಮ ಹೆಣ್ಣುಮಕ್ಕಳಿಗೆ ಮೂರು ಮರಾಠಿ ಮಾತುಗಳನ್ನಾದರೂ ಕಲಿಸೋಣ: "ಕಳಾ ಯೇತ್ ಆಹೇತ್" ಎಂದರೆ ನೋವು ಬರುತ್ತಿದೆ, "ಪಾಣೀ ಗೇಲಂ" ಎಂದರೆ ನೀರು ಒಡೆದು ಹೋಯಿತು, "ರಕ್ತ ಜಾತ್ ಆಹೇ" ಎಂದರೆ ರಕ್ತ ಹೋಗುತ್ತಿದೆ.

ಆಸ್ಪತ್ರೆಯ ಭಯ

ಖರ್ಚಿನ ಭಯ, ಹೊಟ್ಟೆ ಕೊಯ್ದಾರೆಂಬ ಭಯ, ಗದರಿಸುತ್ತಾರೆಂಬ ಭಯ: ಇವೂ ಜನರನ್ನು ಮನೆಯಲ್ಲಿ ಕೂಡಿಸುತ್ತವೆ. ಖರ್ಚಿನ ವಿಷಯಕ್ಕೆ ಉತ್ತರವಿದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಹೆರಿಗೆ, ಶಸ್ತ್ರಕ್ರಿಯೆಯಾದರೆ ಅದೂ, ಔಷಧ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಒಬ್ಬಂಟಿಯಾಗುವ ಭಯಕ್ಕೂ ಉತ್ತರವಿದೆ: ಹೆರಿಗೆ ಕೋಣೆಯಲ್ಲಿ ಬಸುರಿಯ ಜೊತೆಗೆ ಅವಳಿಗೆ ಬೇಕಾದ ಹೆಂಗಸೊಬ್ಬಳು ಇರಬಹುದೆಂದು ಕೇಂದ್ರ ಆರೋಗ್ಯ ಮಂತ್ರಾಲಯವು 2016ರಲ್ಲಿ ಒಪ್ಪಿದೆ. ಸೂಲಗಿತ್ತಿ ಕೊಡುತ್ತಿದ್ದ ಧೈರ್ಯದ ಬೆಲೆಯನ್ನು ವೈದ್ಯಶಾಸ್ತ್ರವೂ ಒಪ್ಪಿಕೊಂಡಂತಾಯಿತು. ಅಂಥ ಒಬ್ಬರನ್ನು, ಅಕ್ಕನೋ ನೆರೆಯ ಕನ್ನಡತಿಯೋ, ಮೊದಲೇ ಗೊತ್ತುಮಾಡಿ ಅವರ ಬಗ್ಗೆ ಆಸ್ಪತ್ರೆಯಲ್ಲಿ ವಿಚಾರಿಸಿಡಬೇಕು.

ಗಾಡಿ ಬರುವ ಮೊದಲೇ ಮಗು ಬಂದರೆ

ಎಷ್ಟು ಸಿದ್ಧತೆ ಇದ್ದರೂ ಒಮ್ಮೊಮ್ಮೆ ಮಗು ಕಾಯುವುದಿಲ್ಲ. ಆಗ 108ಕ್ಕೆ ಕರೆ ಮಾಡಿ ಅವರು ಹೇಳಿದಂತೆ ನಡೆಯಬೇಕು. ಅನುಭವಸ್ಥ ಹೆಂಗಸೊಬ್ಬರನ್ನು ಕರೆಯಬೇಕು. ಬಸುರಿಯನ್ನು ಒಂಟಿಯಾಗಿ ಬಿಡಕೂಡದು.

ಎಲ್ಲಕ್ಕಿಂತ ಮೊದಲು ಸೋಪಿನಿಂದ ಮೊಣಕೈವರೆಗೆ ಕೈ ತೊಳೆಯಬೇಕು. ಇದು ಸಣ್ಣ ಮಾತಲ್ಲ. 1847ರಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯ ವೈದ್ಯರ ವಿಭಾಗದಲ್ಲಿ ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. ಏಪ್ರಿಲಿನಲ್ಲಿ ಸತ್ತವರು ನೂರಕ್ಕೆ 18 ಮಂದಿ. ಪಕ್ಕದಲ್ಲಿದ್ದ ಸೂಲಗಿತ್ತಿಯರ ವಿಭಾಗದಲ್ಲಿ ಸಾವು ಕಡಿಮೆ ಇತ್ತು. ಶವ ಕೊಯ್ದ ಕೈಯಲ್ಲಿಯೇ ಹೆರಿಗೆ ಮಾಡಿಸುವುದು ಇದಕ್ಕೆ ಕಾರಣವೆಂದು ಕಂಡ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಎಲ್ಲರೂ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವಂತೆ ಮಾಡಿದನು. ಜೂನಿನ ಹೊತ್ತಿಗೆ ಸಾವು ನೂರಕ್ಕೆ ಎರಡರ ಸುಮಾರಿಗೆ ಇಳಿಯಿತು.

ಒಗೆದ ಬಟ್ಟೆ ಹಾಸಿ, ಫ್ಯಾನು ನಿಲ್ಲಿಸಿ. ಅವಳಿಗೆ ಅನುಕೂಲವಾದಂತೆ ಕುಕ್ಕರಿಸಲಿ, ಇಲ್ಲವೆ ಎಡ ಮಗ್ಗುಲಾಗಿ ಮಲಗಲಿ. ಹೊಟ್ಟೆಯನ್ನು ಒತ್ತಬಾರದು, ಒಳಗೆ ಕೈ ಹಾಕಬಾರದು, ಮಗುವನ್ನು ಎಳೆಯಬಾರದು. ಬೇಗ ಹೆರಿಗೆಯಾಗಲೆಂದು ಬೀದಿಯ ಕಂಪೌಂಡರನಿಂದ ಇಂಜೆಕ್ಷನ್ ಹಾಕಿಸಬಾರದು; ಅದರಿಂದ ಗರ್ಭಕೋಶವೇ ಹರಿದುಹೋದೀತು. ತಲೆಯ ಬದಲು ಕೈಯೋ ಕಾಲೋ ಬಳ್ಳಿಯೋ ಮೊದಲು ಕಂಡರೆ ಮುಕ್ಕದಿರಲು ಹೇಳಿ, ಅದನ್ನು ಕೂಡಲೇ 108ರವರಿಗೆ ತಿಳಿಸಬೇಕು.

ಮಗು ಬಂದೊಡನೆ ಒಣಬಟ್ಟೆಯಿಂದ ಒರೆಸಿ, ಬೆನ್ನನ್ನು ಉಜ್ಜಬೇಕು. ಸಾಮಾನ್ಯವಾಗಿ ಅಷ್ಟಕ್ಕೇ ಅಳುತ್ತದೆ. ತಾಯಿಯ ಬರಿ ಎದೆಯ ಮೇಲೆ ಮಲಗಿಸಿ, ಇಬ್ಬರಿಗೂ ಸೇರಿಸಿ ಹೊದಿಸಿ, ಮಗುವಿನ ತಲೆಗೆ ಟೋಪಿ ಹಾಕಬೇಕು. ಒಂದು ದಿನ ಸ್ನಾನ ಬೇಡ. ಆಂಬುಲೆನ್ಸು ಬರುವುದಿದ್ದರೆ ಹೊಕ್ಕುಳಬಳ್ಳಿಯನ್ನು ಕತ್ತರಿಸಬೇಕಾಗಿಲ್ಲ. ಕತ್ತರಿಸಲೇಬೇಕಾಗಿ ಬಂದರೆ, ಬಳ್ಳಿಯ ಮಿಡಿತ ನಿಂತ ಮೇಲೆ, ಕುದಿಸಿದ ದಾರದಿಂದ ಎರಡು ಕಡೆ ಬಿಗಿಯಾಗಿ ಕಟ್ಟಿ, ನಡುವೆ ಹೊಸ ಬ್ಲೇಡಿನಿಂದ ಕತ್ತರಿಸಬೇಕು. ಬೂದಿ, ಅರಿಶಿನ, ಸೆಗಣಿ ಏನನ್ನೂ ಹಚ್ಚಕೂಡದು. ಹಿಂದೆ ಎಷ್ಟೋ ಕೂಸುಗಳನ್ನು ಕೊಂದ ಧನುರ್ವಾಯು ಒಳಹೊಕ್ಕದ್ದು ಈ ಗಾಯದಿಂದಲೇ. ಬಸುರಿಯರಿಗೆ ಚುಚ್ಚುಮದ್ದು, ಶುದ್ಧವಾದ ಬ್ಲೇಡು, ಆಸ್ಪತ್ರೆಯ ಹೆರಿಗೆ ಇವುಗಳಿಂದ ಹಸುಗೂಸುಗಳ ಧನುರ್ವಾಯು 2015ರಲ್ಲಿ ನಮ್ಮ ದೇಶದಲ್ಲಿ ನಿರ್ಮೂಲನದ ಮಟ್ಟಕ್ಕೆ ಬಂದಿತು.

ಒಂದು ಗಂಟೆಯೊಳಗೆ ಮೊಲೆಹಾಲು ಕೊಡಬೇಕು. ಜೇನು, ಸಕ್ಕರೆ ನೀರು ಬೇಡ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು. ಮಾಸು ತಾನಾಗಿ ಬೀಳಬೇಕು, ಬಳ್ಳಿ ಹಿಡಿದು ಎಳೆಯಬಾರದು. ಬಿದ್ದುದನ್ನು ಪಾತ್ರೆಯಲ್ಲಿಟ್ಟು ವೈದ್ಯರಿಗೆ ತೋರಿಸಬೇಕು. ತುಣುಕು ಒಳಗೆ ಉಳಿದರೆ ರಕ್ತ ನಿಲ್ಲುವುದಿಲ್ಲ. ಮಾಸು ಬಿದ್ದ ಮೇಲೆ ರಕ್ತ ಹೆಚ್ಚಾಗಿ ಹೋಗುತ್ತಿದ್ದರೆ, ಹೊಕ್ಕುಳಿನ ಕೆಳಗೆ ಅಂಗೈಯಿಟ್ಟು, ಗರ್ಭಕೋಶವು ಗಟ್ಟಿ ಚೆಂಡಿನಂತಾಗುವವರೆಗೆ ಬಲವಾಗಿ ಉಜ್ಜುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.

ಎಲ್ಲವೂ ಸುಸೂತ್ರವಾದರೂ ಅದೇ ದಿನ ತಾಯಿ-ಮಗುವನ್ನು ಆಸ್ಪತ್ರೆಗೆ ತೋರಿಸತಕ್ಕದ್ದು. ಮಗುವಿಗೆ ಕಾಮಾಲೆಯ ಮೊದಲ ಲಸಿಕೆ 24 ಗಂಟೆಗಳೊಳಗೆ ಬೀಳಬೇಕು. ತಾಯಿಯ ರಕ್ತ ನೆಗೆಟಿವ್ ಗುಂಪಿನದಾಗಿ ಮಗುವಿನದು ಪಾಸಿಟಿವ್ ಆದರೆ ಆಂಟಿ-ಡಿ ಎಂಬ ಚುಚ್ಚುಮದ್ದು 72 ಗಂಟೆಗಳೊಳಗೆ ಬೀಳಬೇಕು. ಇಲ್ಲದಿದ್ದರೆ ಮುಂದಿನ ಮಗುವಿಗೆ ಅಪಾಯ.

ಜನನದ ದಾಖಲೆ

ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಸುದ್ದಿಯನ್ನು ಆಸ್ಪತ್ರೆಯೇ ದಾಖಲೆಗೆ ಕಳಿಸುತ್ತದೆ. ಮನೆಯಲ್ಲಿ ಹುಟ್ಟಿದ್ದನ್ನು, 1969ರ ಕಾಯದೆಯಂತೆ, ಮನೆಯ ಯಜಮಾನನೇ 21 ದಿನಗಳೊಳಗೆ ತಿಳಿಸಬೇಕು. ದಿವಾದಲ್ಲಿ ಹುಟ್ಟಿದ ಮಗುವಿನ ದಾಖಲೆ ಠಾಣೆ ಮಹಾನಗರಪಾಲಿಕೆಯಲ್ಲಿಯೇ ಆಗತಕ್ಕದ್ದು, ಊರಿನ ಪಂಚಾಯತಿಯಲ್ಲಿ ಅಲ್ಲ. ಊರಿಗೆ ಹೋಗಿ ತೊಟ್ಟಿಲು ಕಟ್ಟಿ ಹೆಸರಿಟ್ಟ ಮೇಲೆ ಬರೆಸೋಣವೆಂದು ಕಾಯಬಾರದು. ಹೆಸರಿಲ್ಲದೆಯೇ ಜನನ ಬರೆಸಬಹುದು. ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಅಂದಿನಿಂದ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಸರಕಾರಿ ನೌಕರಿಗೂ ಹುಟ್ಟಿದ ದಿನದ ಪುರಾವೆ ಈ ಪತ್ರವೇ.

ಏಳನೆಯ ತಿಂಗಳಲ್ಲಿ ಒಂದು ರವಿವಾರ ಗಂಡ-ಹೆಂಡತಿ ಕುಳಿತು ನಾಲ್ಕು ಮಾತು ನಿಶ್ಚಯಿಸಿಕೊಳ್ಳಲಿ: ಯಾವ ಆಸ್ಪತ್ರೆ, ಯಾವ ವಾಹನ, ಜೊತೆಗೆ ಯಾರು, ಹಿರಿಯ ಮಗು ಯಾರ ಮನೆಯಲ್ಲಿ. ಹಾಗೆಯೇ ಚಾಳಿನಲ್ಲಿ ಬಸುರಿಯಿದ್ದರೆ ನೆರೆಯವರಾದ ನಾವು, ಭಾಷೆ ಯಾವುದೇ ಇರಲಿ, "ರಾತ್ರಿಯಾದರೂ ಬಾಗಿಲು ತಟ್ಟಿರಿ" ಎಂದು ಮೊದಲೇ ಹೇಳಿಡೋಣ. ಊರಿನಲ್ಲಿ ಬಿಟ್ಟು ಬಂದ ಹತ್ತು ಕೈಗಳ ಬದಲಿಗೆ ಇಲ್ಲಿ ನಮ್ಮ ಕೈಗಳೇ ಒದಗಬೇಕಾಗಿವೆ.